ಏಳದೆ ಕೂತ ಕೋಳಿ

"ಗುರುಗಳೇ, ಸಹನೆ ಹುಟ್ಟಿನಿಂದಲೇ ಬರುತ್ತದೆಯೋ, ಕಲಿತರೆ ಬರುತ್ತದೆಯೋ?" ಎಂದು ಶಿಷ್ಯ ಕೇಳಿದ.

ಅವನು ಅಂದು ಬೆಳಗ್ಗೆಯಷ್ಟೇ ಊರಿನಿಂದ ಮರಳಿದ್ದ. ಅಕ್ಕ ಕಟ್ಟಿಕೊಟ್ಟ ಶೇಂಗಾ ಉಂಡೆಗಳನ್ನು ಗುರುಗಳ ಮುಂದಿಟ್ಟು ಅವಳ ಮಾತನ್ನೇ ಎತ್ತಿದ. ಹಾಸಿಗೆ ಹಿಡಿದ ತಂದೆಯನ್ನು ಅವಳು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮೊದಮೊದಲು ಪಂಚಮಿಗೆ ಚಿಕ್ಕಮ್ಮನ ಊರಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದಳು. ಅಪ್ಪನನ್ನು ಯಾರು ನೋಡಬೇಕು ಎಂದು ಇವನು ತಡೆಯುತ್ತಿದ್ದ. ಈಗ ಅವಳು ಅದನ್ನೂ ಕೇಳುವುದಿಲ್ಲ.

"ಅವಳಿಗೆ ಹೊಸ್ತಿಲು ದಾಟುವ ತೊಂದರೆಯೇ ಬೇಡವೆಂದು ಬೇಳೆ ಬೆಲ್ಲವನ್ನೆಲ್ಲ ನಾನೇ ತಂದು ಹಾಕಿ ಬರುತ್ತೇನೆ. ಸುಮ್ಮನಿರುತ್ತಾಳೆ, ಒಂದು ದಿನವೂ ಗೊಣಗಿದವಳಲ್ಲ. ಅಂಥ ಸಹನೆ ನನಗೂ ಬರಬೇಕು," ಎಂದ.

ಗುರುಗಳು ಉಂಡೆಯನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳ ಹಿತ್ತಲಿನಲ್ಲಿ ನಾಲ್ಕಾರು ಕೋಳಿಗಳಿದ್ದವು. ಒಂದು ಬೇಸಗೆಯಲ್ಲಿ ಕೊಕ್ಕರೆ ರೋಗ ಬಂತು. ಕೋಳಿಗಳು ನಿಂತಲ್ಲೇ ಕತ್ತು ತಿರುಚಿ ಬಿದ್ದವು. ಉಳಿದದ್ದು ಒಂದು ಹುಂಜ, ಒಂದು ಬೂದುಬಣ್ಣದ ಹೇಂಟೆ. ಆ ಹೇಂಟೆಯ ತಾಯಿಯನ್ನು ಕುಂಬಾರಗಿತ್ತಿಯ ಅವ್ವ ತವರಿನಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದುಕೊಟ್ಟಿದ್ದಳು. ಅವ್ವ ಈಗ ಇರಲಿಲ್ಲ. ಅವಳ ಕೈಯಿಂದ ಬಂದದ್ದೆಂದು ಮನೆಯಲ್ಲಿ ಉಳಿದದ್ದು ಆ ಹೇಂಟೆಯೊಂದೇ. ಅದು ಕಾವಿಗೆ ಕೂತು ಮರಿ ಮಾಡಿದರೆ ಹಿತ್ತಲು ಮತ್ತೆ ತುಂಬುತ್ತದೆ. ಇಲ್ಲವಾದರೆ ಅವ್ವನ ಗುರುತು ಅಲ್ಲಿಗೆ ಮುಗಿಯಿತು.

ಹೇಂಟೆ ಮೊಟ್ಟೆಯಿಟ್ಟು ಕಾವಿನ ದನಿ ತೆಗೆದ ದಿನ ಕುಂಬಾರಗಿತ್ತಿಗೆ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂತೋಷವಾಯಿತು. ಬಾಯಿ ಒಡೆದ ಹಳೆಯ ಮಣ್ಣಿನ ಬಾನಿಯೊಂದನ್ನು ಪಡಸಾಲೆಯ ಮೂಲೆಗೆ ತಂದಳು. ಹಿಂದಿನ ಕೋಳಿಗಳು ಕೂತಿದ್ದ ಹುಲ್ಲು ಅದರಲ್ಲಿ ಹಾಗೆಯೇ ಇತ್ತು. ಮೆತ್ತಗಿದೆಯಲ್ಲ ಎಂದು ಅದನ್ನೇ ಬಿಟ್ಟಳು. ಮೊಟ್ಟೆಗಳ ನಡುವೆ ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಅವ್ವ ಹಾಗೆ ಇಡುತ್ತಿದ್ದಳು.

ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆ ಎದ್ದು ಕಾಳು ಹೆಕ್ಕಿ, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಮತ್ತೆ ಬಂದು ಕೂರುತ್ತದೆ. ಈ ಕೋಳಿಯೂ ಎದ್ದಿತು. ನೆಟ್ಟಗೆ ಆವಿಗೆಯ ಪಕ್ಕದ ಬೂದಿಗುಡ್ಡೆಗೆ ಹೋಗಿ ರೆಕ್ಕೆ ಬಿಚ್ಚಿ ಹೊರಳತೊಡಗಿತು. ಗಡಿಗೆ ಸುಡುವ ಮನೆಯಲ್ಲಿ ಬೂದಿಗೇನು ಬರ? ಮೊಟ್ಟೆ ತಣ್ಣಗಾಗುತ್ತವೆ ಎಂದು ಕುಂಬಾರಗಿತ್ತಿ ಓಡಿಹೋಗಿ, ಕೋಳಿಯ ಮೈಮೇಲಿನ ಬೂದಿ ಕೊಡವಿ, ತಂದು ಕೂರಿಸಿದಳು. ಮರುದಿನವೂ ಅದು ಎದ್ದಿತು. ಮರುದಿನವೂ ತಂದು ಕೂರಿಸಿದಳು. ಆಮೇಲೆ ಬಾನಿಯ ಮೇಲೆ ಬಿದಿರಿನ ಮಂಕರಿ ಕವುಚಿದಳು. ಏಳುವ ಕಷ್ಟವಾದರೂ ಅದಕ್ಕೇಕೆ ಎಂದು ನುಚ್ಚನ್ನೂ ನೀರನ್ನೂ ಕೊಕ್ಕಿನ ಹತ್ತಿರವೇ ತಂದು ಹಿಡಿದಳು. ಹೆತ್ತ ಮಗಳ ಬಾಣಂತನವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುವವರು ಕಡಿಮೆ.

ಕೆಲವು ದಿನಕ್ಕೆ ಕೋಳಿ ಏಳುವುದನ್ನೇ ಬಿಟ್ಟಿತು. ಮಂಕರಿ ತೆಗೆದರೂ ಕದಲಲಿಲ್ಲ. ಕುಂಬಾರಗಿತ್ತಿ ನೆರೆಯವರನ್ನು ಕರೆದು ತೋರಿಸಿದಳು. ತಾಯಿ ಅಂದರೆ ಹೀಗಿರಬೇಕು ಎಂದಳು. ಬಂದವರೂ ತಲೆದೂಗಿದರು. ತಲೆದೂಗುವುದಕ್ಕೆ ಯಾರಪ್ಪನ ಗಂಟು ಹೋಗುತ್ತದೆ?

ಅವಳ ಗಂಡ ಮಾತ್ರ ಒಂದು ಸಂಜೆ ಗಡಿಗೆ ತಿರುಗಿಸುವ ತಿಗರಿಯ ಮುಂದಿನಿಂದ ಎದ್ದು ಬಂದವನು ಬಾನಿಯೊಳಗೆ ಬಗ್ಗಿ ನೋಡಿದ.

"ಇದರ ಜುಟ್ಟು ಬೆಳ್ಳಗಾಗೇತಲ್ಲ. ಒಮ್ಮೆ ಎತ್ತಿ ನೋಡು."

"ಕತ್ತಲ್ಯಾಗ ಕುಂತೈತಿ, ಅದಕ್ಕ ಹಂಗ. ಕಾವಿನ ಕೋಳಿ ಎತ್ತಬಾರದು, ನಮ್ಮವ್ವ ಎತ್ತತಿದ್ದಿಲ್ಲ," ಎಂದಳು ಅವಳು. "ಅದಕ್ಕ ಏನರ ತ್ರಾಸ ಆಗಿದ್ರ ಹಿಂಗ ಸುಮ್ಮನ ಕುಂದರತಿತ್ತೇನು?"

ಗಂಡನಿಗೂ ಅದು ಸರಿಯೆನಿಸಿತು. ಅವನು ಕೈಯ ಮಣ್ಣು ತೊಳೆಯಲು ಹೋದ.

ಮೊಟ್ಟೆ ಒಡೆಯುವ ಹೊತ್ತು ಬಂತು. ಬಾನಿಯೊಳಗಿಂದ ಚಿಂವ್ ಚಿಂವ್ ಎಂಬ ದನಿ ಕೇಳಿ ಕುಂಬಾರಗಿತ್ತಿ ಕೈಗೆಲಸ ಬಿಟ್ಟು ಓಡಿಬಂದಳು. ಚಿಪ್ಪಿನೊಳಗಿಂದ ಮರಿ ಕರೆದರೆ ತಾಯಿಕೋಳಿ ಮೆಲ್ಲಗೆ ಓಗೊಡುತ್ತದೆ. ಈ ತಾಯಿ ಓಗೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಮರಿಗಳು ಮತ್ತೆ ಕರೆದವು. ಆಗ ಅವಳು ಎರಡೂ ಕೈ ಹಾಕಿ ಕೋಳಿಯನ್ನು ಎತ್ತಿದಳು.

ಅದು ಒಣಗಿದ ಸೋರೆಬುರುಡೆಯಷ್ಟು ಹಗುರವಾಗಿತ್ತು. ಎದೆಯ ತುಂಬ ಹೇನು ಮುತ್ತಿದ್ದವು. ರೆಕ್ಕೆಯ ಸಂದಿಯಲ್ಲಿ ಹೇನು, ಹುಲ್ಲಿನಲ್ಲಿ ಹೇನು. ರಕ್ತ ಕುಡಿದು ಕೆಂಪಾದ ಅವು ಅವಳ ಕೈಗೂ ಹತ್ತಿದವು. ಹಳೆಯ ಹುಲ್ಲಿನಲ್ಲಿ ಅಡಗಿದ್ದ ಹೇನು ಕಾವಿನ ಬಿಸುಪಿಗೆ ಬೆಳೆದು ಸಂಸಾರ ಹೂಡಿದ್ದವು. ಅವುಗಳನ್ನು ಉದುರಿಸಿಕೊಳ್ಳಲೆಂದೇ ಕೋಳಿ ಬೂದಿಗೆ ಹೋಗುತ್ತಿತ್ತು ಎಂಬುದು ಕುಂಬಾರಗಿತ್ತಿಗೆ ಆಗ ಹೊಳೆಯಿತು.

ಅವಳು ಅದನ್ನು ಎದೆಗವಚಿಕೊಂಡು ಬೂದಿಗುಡ್ಡೆಗೆ ಓಡಿದಳು. ರೆಕ್ಕೆ ಎತ್ತಿ ಎತ್ತಿ ಬೂದಿ ಉಜ್ಜಿದಳು. ಹೇನು ಉದುರಿದವು. ಬೂದಿಯ ಮೇಲೆ ಬಿಟ್ಟಾಗ ಕೋಳಿ ಒಂದು ಮಗ್ಗುಲಿಗೆ ವಾಲಿತು. ಒಂದು ರೆಕ್ಕೆಯನ್ನು ಸ್ವಲ್ಪ ಬಿಚ್ಚಿ, ಕಾಲಿನಿಂದ ಬೂದಿಯನ್ನು ಒಮ್ಮೆ ಕೆದರಿತು. ಹೊರಳಬೇಕೆಂದಿತ್ತು, ಪಾಪ. ಅಷ್ಟರಲ್ಲೇ ಅದರ ಜೀವ ಹೋಯಿತು.

ಅಷ್ಟರಲ್ಲಿ ಚಿಪ್ಪೊಡೆದು ಬಂದ ಮರಿಗಳನ್ನೂ ಹೇನು ಬಿಟ್ಟಿರಲಿಲ್ಲ. ಅವಳು ಒಂದೊಂದಕ್ಕೂ ಬೂದಿ ಸವರಿ, ಸೆರಗಿನಲ್ಲಿ ಇಟ್ಟುಕೊಂಡು ಒಲೆಯ ಮುಂದೆ ಕೂತಳು. ಹಸಿ ಮೈಯ ಮರಿಗಳು, ತಾಳಲಿಲ್ಲ. ಸಂಜೆಯ ಹೊತ್ತಿಗೆ ಕೊನೆಯ ಮರಿಯ ದನಿಯೂ ಅಡಗಿತು. ಗಂಡ ಬಾನಿಯ ಹುಲ್ಲಿಗೆ ಬೆಂಕಿಯಿಟ್ಟ. ಮೊಳೆಯೊಂದೇ ಉಳಿಯಿತು. ಕೋಳಿ ಕಾವು ಕೂತಷ್ಟು ದಿನ ಗುಡುಗು ಒಮ್ಮೆಯೂ ಬಂದಿರಲಿಲ್ಲ.

"ಎದ್ದಾಗೆಲ್ಲ ನಾನ ಹಿಡದು ಕುಂದರಿಸಿದೆ," ಎಂದಳು ಅವಳು. "ಏಳೂದು ಬಿಟ್ಟಾಗ, ಎಷ್ಟ್ ಚಲೋ ತಾಯಿ ಅಂದೆ."

ಅವಳು ಬಹಳ ಹೊತ್ತು ಅತ್ತಳು. ಗಂಡ ಪಕ್ಕದಲ್ಲಿ ಕೂತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು.

"ಒಳ್ಳೆಯ ಹೆಂಗಸು ಗುರುಗಳೇ. ತಿಳಿಯದೆ ಹಾಗಾಯಿತು," ಎಂದ.

ಗುರುಗಳು ಶೇಂಗಾ ಉಂಡೆಗಳನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು.

"ನಿಮ್ಮಕ್ಕ ಸುಮ್ಮನಿರುತ್ತಾಳೆ ಎಂದೆಯಲ್ಲ ಮಗು, ಹೇಗಿದ್ದಾಳೆ?"

ಶಿಷ್ಯ ಉಂಡೆಗಳನ್ನು ಕಟ್ಟಿಕೊಂಡು ಮತ್ತೆ ಊರಿನ ದಾರಿ ಹಿಡಿದ.