ಕಸೂತಿಯ ಹಿಂಬದಿ

ಧಾರವಾಡದ ಕಸೂತಿ ಅಂಗಡಿಯೊಂದರ ಸಾವುಕಾರ ವಿರೂಪಣ್ಣನಿಗೆ, ಕೆಲಸಗಾರರನ್ನು ಚೆನ್ನಾಗಿ ನೋಡಿಕೊಳ್ಳುವ ಅಂಗಡಿಗೆ ಕೊಡುವ ಪ್ರಶಸ್ತಿಯ ಹುಚ್ಚು ಹಿಡಿಯಿತು. ಪರಿಶೀಲನೆಗೆ ತಂಡ ಬರುವುದಿತ್ತು. ‘ಇಲ್ಲಿ ಎಲ್ಲರೂ ಸಮಾನರು’ ಎಂದು ಬಟ್ಟೆಯ ಮೇಲೆ ಹೊಲಿದುಕೊಡು ಎಂದು ಕಸೂತಿ ಹಾಕುವ ಫಕೀರವ್ವನಿಗೆ ಅಪ್ಪಣೆ ಮಾಡಿದ.

ಫಕೀರವ್ವನ ಮೈ ಉರಿಯಿತು. ಕಸೂತಿ ಹಾಕುವ ಹೆಂಗಸರೆಲ್ಲ ಕೂರುವುದು ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅವನಿಗೆ ಏಸಿ, ಇವರಿಗೆ ಒಂದು ಫ್ಯಾನೂ ಇಲ್ಲ. ಪಾಯಿಖಾನೆ ಗಿರಾಕಿಗಳಿಗೆ ಮಾತ್ರ ಎಂದು ಬೀಗ ಬೇರೆ. ಸಮಾನರಂತೆ! ಇವನ ಬಾಯಾಗ ಮಣ್ಣ ಹಾಕ! ಹಲ್ಲು ಕಚ್ಚಿಕೊಂಡು ಹೊಲಿದಳು.

ತಂಡದ ಮೇಡಂ ಗೋಡೆಯ ಮೇಲಿನ ಆ ಬಟ್ಟೆಯನ್ನು ಬಾಯಿ ತುಂಬ ಹೊಗಳಿದರು.

“ಕಸೂತಿ ಹಿಂದ ತಿರುವಿ ನೋಡಬೇಕ್ರೀ ಅಕ್ಕಾರ,” ಎಂದಳು ಫಕೀರವ್ವ.

ತಿರುವಿದರೆ ಬರೀ ಗಂಟು, ಸಿಕ್ಕು. ಒಂದೂ ಗಂಟಿಲ್ಲದೆ ಎರಡೂ ಬದಿ ಒಂದೇ ಥರ ಕಾಣಬೇಕಾದ ಕಸೂತಿ ಅದು!

“ಏನಿದು ಹೊಲಸು?” ಸಾವುಕಾರ ಕಿರುಚಿದ.

“ಮುಂದ ನೀವು ಹೇಳಿದ್ದು ಹೊಲದೀನ್ರಿ. ಹಿಂದ ಇದ್ದದ್ದು ಇದ್ದಂಗ ಹೊಲದೀನಿ. ಬರ್ರಿ ಅಕ್ಕಾರ, ತೋರಸ್ತೀನಿ.”

ಎಲ್ಲರೂ ಹಿಂದಿನ ಶೆಡ್ಡಿಗೆ ಬಂದರು. ಕಾದ ತಗಡಿನ ಕೆಳಗೆ ಮೇಡಂಗೆ ಗಂಟಲೊಣಗಿತು. “ಸ್ವಲ್ಪ ನೀರು ಕೊಡ್ತೀರಾ?”

“ಇಲ್ಲಿ ನಾವು ನೀರು ಇಡಂಗಿಲ್ರೀ. ಕುಡದ್ರ ಪಾಯಿಖಾನಿಗೆ ಹೋಗಬೇಕಾಗ್ತೈತಿ. ಅದರ ಕೀಲಿಕೈ ಸಾವುಕಾರ್ರ ಕಿಸೆದಾಗೈತಿ.”

ಎಲ್ಲರೂ ತಿರುಗಿ ನೋಡಿದರು. ಸಾವುಕಾರನ ಕೈ ಆಗಲೇ ಕಿಸೆ ಮುಚ್ಚಿಕೊಂಡಿತ್ತು.