ಕಂಡರಾಗದವನ ಮೊದಲ ಮಾತು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ನಿಂಗಾಜಮ್ಮ. ಹೇಳಿದ್ದು ಅವರ ಓರಗಿತ್ತಿಯ ತಿಥಿಯ ದಿನ, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ. ಆ ಓರಗಿತ್ತಿಯ ಬಗ್ಗೆ ಅತ್ತೆ ಅಂದಿನವರೆಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕತೆ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ.

“ಗುರುಗಳೇ, ಸತ್ತವರನ್ನು ನೆನೆಯುವಾಗ ಇದ್ದದ್ದನ್ನು ಹೇಳಬೇಕೋ, ಒಳ್ಳೆಯದನ್ನಷ್ಟೇ ಹೇಳಬೇಕೋ?”

ಕೇಳಿದವನು ಮಠದ ಕಿರಿಯ ಶಿಷ್ಯ. ಹಿರಿಯ ಶಿಷ್ಯ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅವನು ಪುರಾಣ ಓದಿದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು ಎಂದು ಜನ ಹೇಳುತ್ತಿದ್ದರು. ಅದೇ ಪುರಾಣವನ್ನು ಕಿರಿಯವನು ಓದಿದರೆ ಜನಕ್ಕೆ ನೀರಡಿಕೆ ನೆನಪಾಗುತ್ತಿತ್ತು. ಮರುದಿನ ಮಠದಲ್ಲಿ ಹಿರಿಯವನ ಸ್ಮರಣೆ. ಅಡುಗೆಯವರಿಂದ ಹಿಡಿದು ದನ ಕಾಯುವವರ ತನಕ ಎಲ್ಲರೂ ಅವನ ಗುಣಗಾನಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ಯಾರನ್ನು ನೆನೆಯುವಾಗ?” ಎಂದರು ಗುರುಗಳು.

“ಯಾರನ್ನಾದರೂ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಒಂದು ಕತೆ ಹೇಳುತ್ತೇನೆ. ಕೂತುಕೋ.”

ಒಂದು ಊರಿನಲ್ಲಿ ಬೆಲ್ಲ ಕಾಸುವವರು ಇಬ್ಬರಿದ್ದರು. ಕಾಲುವೆಯ ಮೇಲ್ದಂಡೆಯಲ್ಲಿ ಒಬ್ಬನ ಆಲೆಮನೆ, ಕೆಳದಂಡೆಯಲ್ಲಿ ಇನ್ನೊಬ್ಬನದು. ಊರವರು ಅವರನ್ನು ಮೇಲಾಲೆಯವನು, ಕೆಳಾಲೆಯವನು ಎಂದೇ ಕರೆಯುತ್ತಿದ್ದರು. ಇಬ್ಬರಿಗೂ ಬರುತ್ತಿದ್ದುದು ಅದೇ ಬಯಲಿನ ಕಬ್ಬು. ಬೆಳಗಾಗುತ್ತಲೇ ಇಬ್ಬರೂ ಒಲೆ ಹಚ್ಚುತ್ತಿದ್ದರು. ಆದರೆ ಮೇಲಾಲೆಯ ಬೆಲ್ಲ ಅರಿಶಿನದ ಹಾಗೆ ಹಳದಿ. ಕೆಳಾಲೆಯದು ಕರ್ರಗೆ, ತುಸು ಕಹಿ. ವ್ಯಾಪಾರಿಗಳು ಗಾಡಿಯನ್ನು ಮೊದಲು ಮೇಲಕ್ಕೆ ಹೊಡೆಯುತ್ತಿದ್ದರು. ಅಲ್ಲಿ ಮುಗಿದರೆ ಕೆಳಕ್ಕೆ ಬರುತ್ತಿದ್ದರು. ಬಂದವರು ಒಂದು ಚೂರು ಮುರಿದು ಬಾಯಿಗಿಟ್ಟು, “ಇರಲಿ ಬಿಡಿ, ಕರು ಹಾಕಿದ ಎಮ್ಮೆಗೆ ಆದೀತು” ಎನ್ನುತ್ತಿದ್ದರು.

ಈ ಮಾತು ಕೇಳಿ ಕೇಳಿ ಕೆಳಾಲೆಯವನ ಹೊಟ್ಟೆಯೊಳಗೆ ಇನ್ನೊಂದು ಒಲೆ ಹೊತ್ತಿಕೊಂಡಿತು. ಅದಕ್ಕೆ ಸೌದೆಯೂ ಬೇಡ, ಊದುವವರೂ ಬೇಡ.

ಮೇಲಿನವನದು ಅದೃಷ್ಟ ಎಂದುಕೊಂಡ. ಮೇಲಿನವನ ಕೊಪ್ಪರಿಗೆ ತನ್ನದಕ್ಕಿಂತ ದೊಡ್ಡದು, ಹೆಂಡತಿಯ ತವರಿನಿಂದ ಬಂದದ್ದು. ಇವನಿಗೆ ಹೆಣ್ಣು ಕೊಟ್ಟ ಮಾವ ಒಂದು ಸೌಟನ್ನೂ ಕೊಟ್ಟಿರಲಿಲ್ಲ. ತನ್ನ ಒಲೆಯ ಮುಂದೆ ಕೂತು ಅವನು ನೋಡುತ್ತಿದ್ದುದು ಮೇಲಿನವನ ಹೊಗೆಯನ್ನು. ಹೊಗೆ ತೆಳ್ಳಗಾದರೆ ಈಗ ಉರಿ ಇಳಿಸಿದ ಎನ್ನುತ್ತಿದ್ದ. ಗಾಳಿ ಇತ್ತ ಬೀಸಿದರೆ ಮೂಗರಳಿಸಿ, ಈಗ ಪಾಕ ಏರುತ್ತಿದೆ ಎನ್ನುತ್ತಿದ್ದ.

“ನೀವು ಕಾಸೋದು ನಮ್ಮ ಕೊಪ್ಪರಿಗೆನೋ, ಅವರದೋ?” ಎಂದು ಹೆಂಡತಿ ಕೇಳುತ್ತಿದ್ದಳು.

“ನಿನಗೇನು ಗೊತ್ತು, ಸುಮ್ಮನಿರು” ಎನ್ನುತ್ತಿದ್ದ.

ಪಾಕ ಹದಕ್ಕೆ ಬಂತೆಂದರೆ ಮೇಲಿನವನು ತಾನು ಕಲಕುತ್ತಿದ್ದ ಮರದ ಹುಟ್ಟನ್ನು ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಿದ್ದ. ಕೊಪ್ಪರಿಗೆ ಇಳಿಸಲು ಆಳುಗಳಿಗೆ ಅದೇ ಕರೆ. ಸದ್ದು ಕಾಲುವೆ ದಾಟಿ ಕೆಳಕ್ಕೆ ಕೇಳುತ್ತಿತ್ತು. ಎಷ್ಟೋ ದಿನ ಅದಕ್ಕೂ ಮೊದಲೇ ಕೆಳಾಲೆಯವನ ಕೈ ತುಡಿಯುತ್ತಿತ್ತು. ಆಯಿತು, ಇಳಿಸು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅವನಿಗಿಂತ ಮುಂಚೆ ಇಳಿಸಿದರೆ ಜನ ಏನಂದಾರು? ಹಸಿ ಬೆಲ್ಲ ಎಂದಾರು, ಆತುರಗೆಟ್ಟವನು ಎಂದಾರು. ಅದಕ್ಕೆ ಕಾಯುತ್ತಿದ್ದ. ಸದ್ದು ಕೇಳಿದ ಮೇಲೆಯೇ ಇಳಿಸುತ್ತಿದ್ದ.

ಹೀಗೆ ಇಬ್ಬರ ತಲೆಯೂ ನರೆಯಿತು. ಕಾಲುವೆಗೆ ಅಡ್ಡಲಾಗಿ ಅವರು ಆಡಿದ ಮಾತು “ಮಳೆ ಬಂದೀತೇನು?” ಎಂಬುದಕ್ಕಿಂತ ಮುಂದೆ ಹೋಗಲಿಲ್ಲ. ಒಂದು ಮಳೆಗಾಲ ಮೇಲಾಲೆಯವನು ಜ್ವರ ಬಂದು ತೀರಿಕೊಂಡ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ವರ್ಷದಲ್ಲಿ ತೀರಿಕೊಂಡವರನ್ನು ಕಬ್ಬು ಕಡಿಯುವ ಮುನ್ನ ಒಂದು ದಿನ ಊರೆಲ್ಲ ಕೂತು ನೆನೆಯಬೇಕು. ನೆನೆದು ಉಣ್ಣಬೇಕು. ಎಲೆಗೆ ಅನ್ನ ಬೀಳುವ ಮೊದಲು ಒಬ್ಬರು ಎದ್ದು ಮಾತಾಡಬೇಕು. ಆ ಮೊದಲ ಮಾತು ಮಗನದಲ್ಲ, ಹೆಂಡತಿಯದಲ್ಲ, ನೆಂಟರದಲ್ಲ. ಸತ್ತವನನ್ನು ಕಂಡರಾಗದವನದು. ಮಕ್ಕಳು ಅಳುತ್ತಾರೆ, ನೆಂಟರು ಹೊಗಳುತ್ತಾರೆ. ಸತ್ತವನು ಹೇಗಿದ್ದ ಎಂದು ಕಣ್ಣಿಟ್ಟು ನೋಡಿದವನು ಹೊಟ್ಟೆಕಿಚ್ಚಿನವನೇ ಎಂದು ಹಿಂದಿನವರು ಕಂಡುಕೊಂಡಿದ್ದರು. ನಿಯಮ ಎರಡು. ಸುಳ್ಳು ಹೇಳಕೂಡದು. ಆ ಮಾತನ್ನು ಬದುಕಿರುವವನ ಕಿವಿಗೆ ಹಾಕಕೂಡದು. ಬದುಕಿರುವವನಿಗೆ ಹೇಳಿದರೆ ಅದು ಮುಖಸ್ತುತಿಯಾಗುತ್ತದೆ, ಇಲ್ಲವೇ ಜಗಳವಾಗುತ್ತದೆ ಎನ್ನುತ್ತಿದ್ದರು.

ಮೇಲಾಲೆಯವನಿಗೆ ಮೊದಲ ಮಾತು ಯಾರದು ಎಂದು ಊರಿನಲ್ಲಿ ಯಾರೂ ಚರ್ಚಿಸಲಿಲ್ಲ.

ಕೆಳಾಲೆಯವನು ಅದಕ್ಕಾಗಿ ಎಷ್ಟೋ ವರ್ಷದಿಂದ ಸಿದ್ಧನಾಗಿದ್ದ. ಸುಳ್ಳು ಬೇಕಿರಲಿಲ್ಲ. ನಿಜವೇ ಬೇಕಾದಷ್ಟಿತ್ತು. ಇಂದು ಇವನ ಹಳದಿ ಬಣ್ಣ ಇಳಿಸುತ್ತೇನೆ ಎಂದುಕೊಂಡು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದುನಿಂತ.

“ಬೇಗ ಹೇಳಣ್ಣ, ಅನ್ನ ಆರುತ್ತೆ” ಎಂದ ಸಾಲಿನಲ್ಲಿದ್ದವನೊಬ್ಬ.

“ಆರಲಿ. ಅವನೇನು ದೊಡ್ಡ ಕಸುಬುದಾರ ಅಂತೀರಲ್ಲ, ನಾನು ಕಂಡದ್ದು ಹೇಳ್ತೀನಿ. ಮೊದಲ ಅಚ್ಚಿನ ಬೆಲ್ಲ ದೇವರಿಗೆ ಇಡಬೇಕು ತಾನೆ? ಅವನು ಇಡ್ತಿರಲಿಲ್ಲ. ಯಾರೂ ನೋಡ್ತಿಲ್ಲ ಅಂತ ಗಾಣದ ಎತ್ತಿಗೆ ತಿನ್ನಿಸೋನು. ಎಡಗಾಲು ನೋಯೋದು, ಆಳುಗಳ ಮುಂದೆ ಕುಂಟದೆ ನಡೆಯೋನು, ಅವರು ಮರೆಯಾದ ಮೇಲೆ ಕಂಬ ಹಿಡಿದು ನಿಲ್ಲೋನು. ಬೆಲ್ಲದಲ್ಲಿ ಎಂದೂ ಸೋತಿಲ್ಲ ಅಂತೀರಿ. ಮಗಳನ್ನ ಗಂಡನ ಮನೆಗೆ ಕಳಿಸಿದ ಮಾರನೆ ದಿನ ಕೊಪ್ಪರಿಗೆ ಪೂರ್ತಿ ಸೀದುಹೋಯ್ತು. ಕದ್ದು ಕಾಲುವೆಗೆ ಸುರಿದ. ಸುರಿದು ಅಲ್ಲೇ ಕೂತು ಅತ್ತ. ನೀರು ನನ್ನ ಕಡೆ ಕೆಂಪಗೆ ಹರಿದು ಬಂತು. ನಾನು ನೋಡಿದೆ.”

ಕೆಳಾಲೆಯವನು ಜನರತ್ತ ತಿರುಗಿದ. ಯಾರ ಮುಖದಲ್ಲೂ ಅವನು ಬಯಸಿದ್ದು ಇರಲಿಲ್ಲ. ಗಂಡನ ಮನೆಯಿಂದ ಬಂದಿದ್ದ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. “ಅಪ್ಪ ಅತ್ತಿದ್ದು ನಮಗೆ ಗೊತ್ತೇ ಇರಲಿಲ್ಲ” ಎಂದ ಮಗ. ಮೇಲಾಲೆಯ ಎತ್ತು ಸಂಜೆಯಾದರೆ ಯಾಕೆ ಬಾಗಿಲತ್ತ ನೋಡುತ್ತದೆ ಎಂದು ಆಳುಗಳಿಗೆ ಅಂದು ತಿಳಿಯಿತು. “ಇನ್ನೊಂದು ಹೇಳಣ್ಣ” ಎಂದಳು ಬಡಿಸುವ ಹೆಂಗಸು. ಅನ್ನ ಆರುತ್ತದೆ ಎಂದವನೂ ಬೇಡ ಎನ್ನಲಿಲ್ಲ.

ಕೆಳಾಲೆಯವನು ಕುಕ್ಕರಿಸಿದ. ಅಷ್ಟು ವರ್ಷ ಕಾಯ್ದಿಟ್ಟ ಕಹಿ ತನ್ನ ಬಾಯಿಂದ ಹೊರಬೀಳುವಾಗ ಹೇಗೆ ಸಿಹಿಯಾಯಿತೋ ಅವನಿಗೆ ಅರ್ಥವಾಗಲಿಲ್ಲ. ಸತ್ತೂ ಗೆದ್ದನಲ್ಲ ಎಂದು ಅನ್ನ ಕಲಸಿದ. ಕಲಸುವಾಗ ಇನ್ನೊಂದು ಯೋಚನೆ ಬಂತು. ನಾಳೆ ನಾನು ಸತ್ತರೆ ನನ್ನ ಮೊದಲ ಮಾತು ಯಾರು ಆಡುತ್ತಾರೆ? ನನ್ನನ್ನು ಕಂಡರಾಗದವನು ಒಬ್ಬನಿದ್ದ. ಅವನೂ ಹೋದ.

ಮಜ್ಜಿಗೆ ಬಡಿಸುತ್ತಾ ಬಂದ ಮೇಲಾಲೆಯವನ ಹೆಂಡತಿ ಅವನ ಎಲೆಯ ಮುಂದೆ ನಿಂತಳು.

“ಅಣ್ಣ, ನಿಮಗೂ ಒಂದು ಮಾತಿದೆ. ಮೊದಲು ನೀವು ಹೋದರೆ ಆಡೋಣ ಅಂತ ಅವರು ಕಟ್ಟಿಟ್ಟಿದ್ದರು. ನನ್ನ ಹತ್ತಿರ ಬಿಟ್ಟು ಹೋಗಿದ್ದಾರೆ.”

“ಏನು ತಂಗಿ ಅದು?”

“ಈಗ ಹೇಗೆ ಹೇಳಲಿ? ನೀವಿನ್ನೂ ಬದುಕಿದ್ದೀರಲ್ಲ.”

ಅಂದಿನಿಂದ ಕೆಳಾಲೆಯವನಿಗೆ ಅದೊಂದೇ ಚಿಂತೆ. ಏನೆಂದಿರಬಹುದು? ಮಾತು ಇರುವುದು ತನ್ನ ಬಗ್ಗೆ, ಅದನ್ನು ಇಟ್ಟುಕೊಂಡು ಕೂತವಳು ಅವಳು. ಅವಳನ್ನು ಕಂಡರೂ ಕಿಚ್ಚಾಯಿತು.

ಆ ಸುಗ್ಗಿಯಲ್ಲಿ ಮೇಲಾಲೆಯ ಒಲೆ ಹೊತ್ತಲಿಲ್ಲ. ಮಗನಿಗೆ ಆಲೆಮನೆಯ ಕೆಲಸ ಸಾಕಾಗಿತ್ತು. ಕೆಳಾಲೆಯವನು ಒಲೆಯ ಮುಂದೆ ಕೂತ. ನೋಡಲು ಹೊಗೆಯಿಲ್ಲ, ಕಾಯಲು ಸದ್ದಿಲ್ಲ. ಕೈ ತುಡಿದಾಗ ಬೇರೆ ದಾರಿಯಿಲ್ಲದೆ ಕೊಪ್ಪರಿಗೆ ಇಳಿಸಿದ. ಅಚ್ಚಿನಿಂದ ತೆಗೆದರೆ ಬೆಲ್ಲ ಅರಿಶಿನದ ಹಾಗೆ ಹಳದಿ. ಮರುದಿನವೂ ಹಳದಿ. ವ್ಯಾಪಾರಿಗಳ ಗಾಡಿ ಕೆಳದಂಡೆಯಲ್ಲಿ ಸಾಲುಗಟ್ಟಿತು.

ಒಬ್ಬ ವ್ಯಾಪಾರಿ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದ. ಕೆಳಾಲೆಯವನು ಇನ್ನೊಂದು ಚೂರು ಮುರಿದು ಮುಂದೆ ಹಿಡಿದ.

“ಆಹಾ! ಸತ್ತವನ ಕೈಗುಣ ನಿಮ್ಮ ಕೈಗೆ ಬಂದುಬಿಟ್ಟಿದೆ ಯಜಮಾನರೇ” ಎಂದ ವ್ಯಾಪಾರಿ.

ಊರಿಗೆಲ್ಲ ಅದೇ ಮಾತಾಯಿತು. ಮೊದಲ ಮಾತು ಚೆನ್ನಾಗಿ ಆಡಿದ, ಸತ್ತವನು ಮೆಚ್ಚಿ ಕೈಗುಣ ಕೊಟ್ಟ ಎಂದರು. ಬೆಲ್ಲ ಕೆಟ್ಟಿದ್ದಾಗ ಅದು ಕೆಳಾಲೆಯವನದಾಗಿತ್ತು. ಒಳ್ಳೆಯದಾದಾಗ ಮೇಲಾಲೆಯವನದಾಯಿತು. ಕಬ್ಬು ಬೇರೆಯೋ, ಸೌದೆ ಬೇರೆಯೋ ಎಂದು ಅವನೂ ತಲೆ ಕೆಡಿಸಿಕೊಂಡ. ಕೊನೆಗೆ ಇದ್ದರೂ ಇರಬಹುದು ಎಂದು ಅವನೇ ನಂಬಿದ. ನಂಬಿ ಇನ್ನಷ್ಟು ಉರಿದ. ಬದುಕಿರುವಾಗ ಗಾಡಿ ಕಿತ್ತುಕೊಂಡ, ಸತ್ತ ಮೇಲೆ ನನ್ನ ಬೆಲ್ಲವನ್ನೇ ಕಿತ್ತುಕೊಂಡ ಎಂದ.

ಪ್ರತಿ ಸಂಕ್ರಾಂತಿಗೂ ಎಳ್ಳುಬೆಲ್ಲದ ನೆಪದಲ್ಲಿ ಮೇಲಾಲೆಯ ಮನೆಗೆ ಹೋಗುತ್ತಿದ್ದ. ಹಳದಿ ಬೆಲ್ಲದ ಒಂದು ಅಚ್ಚನ್ನು ಮೇಲಿನವನ ಹೆಂಡತಿಯ ಮುಂದೆ ಇಡುತ್ತಿದ್ದ.

“ತಂಗಿ, ವಯಸ್ಸಾಯ್ತು. ಇನ್ನಾದರೂ ಹೇಳಬಾರದಾ?”

“ಉಸಿರಾಡ್ತಿದ್ದೀರಲ್ಲಣ್ಣ” ಎನ್ನುತ್ತಿದ್ದಳು ಅವಳು.

“ಬೈದಿದ್ದನಾ, ಅದನ್ನಾದರೂ ಹೇಳು.”

“ಎಳ್ಳು ತಿನ್ನಿ ಅಣ್ಣ, ಒಳ್ಳೆ ಮಾತಾಡಿ.”

ಒಂದು ವರ್ಷ ಅವನು ಸಂಕ್ರಾಂತಿಗೆ ಹೋಗಲಿಲ್ಲ. ಅದಕ್ಕೆ ಮೊದಲೇ ತೀರಿಕೊಂಡಿದ್ದ.

ಕಬ್ಬು ಕಡಿಯುವ ಮುನ್ನ ಊರು ಕೂತಿತು. ಎಲೆ ಹಾಕಿದರು. ಮೇಲಾಲೆಯ ಮುದುಕಿ ಕೋಲೂರಿ ಎದ್ದಳು. ಊರು ತಡೆಯಲಿಲ್ಲ. ಆ ಮಾತು ಅವಳದಲ್ಲ, ಅವಳು ಹೊತ್ತು ತಂದದ್ದು ಎಂದು ಎಲ್ಲರಿಗೂ ಗೊತ್ತಿತ್ತು.

“ನಮ್ಮೆಜಮಾನರು ಹೇಳಿದ್ದನ್ನ ಅವರ ಮಾತಲ್ಲೇ ಹೇಳ್ತೀನಿ. ಬೆಲ್ಲದ ಹದ ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೊಪ್ಪರಿಗೆ ದೊಡ್ಡದು, ಹದಕ್ಕೆ ಬರೋದು ತಡ. ಅವನದು ಚಿಕ್ಕದು, ಬೇಗ ಬರ್ತಿತ್ತು. ನನ್ನ ಹುಟ್ಟಿನ ಸದ್ದಿಗೆ ಕಾದು ಕಾದು ದಿನಾ ಪಾಕ ಸೀಯಿಸಿಕೊಳ್ಳೋನು. ಅವನು ಒಂದು ದಿನ ನನ್ನ ಕಡೆ ಕಿವಿ ಕೊಡದೆ ಇಳಿಸಿದ್ದರೆ ನನ್ನ ಬೆಲ್ಲ ಕೇಳೋರು ಇರ್ತಿರಲಿಲ್ಲ. ಇದು ನನಗೆ ಮೊದಲ ಸುಗ್ಗಿಯಲ್ಲೇ ತಿಳಿದಿತ್ತು. ಕಾಲುವೆ ದಾಟಿ ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಹೊಟ್ಟೆಕಿಚ್ಚು.”

ಕೆಳಾಲೆಯವನ ಹೆಂಡತಿ ಎಲೆಯ ಮುಂದಿನಿಂದ ಎದ್ದಳು.

“ಹಾಗಾದರೆ ಆ ಕೈಗುಣ ಇವರದೇ ಆಗಿತ್ತಲ್ಲ. ಪ್ರತಿ ವರ್ಷ ನಿನ್ನ ಹೊಸಿಲಿಗೆ ಬಂದು ಬೇಡಿದರು. ಪದ್ಧತಿ ಅಂತ ಬಾಯಿ ಕಟ್ಟಿಕೊಂಡೆಯಾ ತಾಯಿ?”

ಮುದುಕಿ ಕೋಲಿನ ಮೇಲೆ ಗಲ್ಲ ಊರಿದಳು.

“ಪದ್ಧತಿಯೂ ಇತ್ತು ಕಣವ್ವ. ಆದರೆ ಒಲೆ ಆರಿದ ಮೇಲೂ ನನ್ನ ಗಂಡನ ಬೆಲ್ಲ ಅಂತ ಊರು ಅನ್ನೋದು. ಅದು ಕೇಳೋಕೆ ನನಗೆ ಹಿತವಾಗಿತ್ತು.”

ಅಂದು ಅನ್ನ ನಿಜವಾಗಿಯೂ ಆರಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

“ನಾಳೆ ಮೊದಲು ನೀನೇ ಮಾತಾಡು. ಹಿರಿಯವನನ್ನು ನಿನ್ನಷ್ಟು ನೋಡಿದವರು ಈ ಮಠದಲ್ಲಿ ಬೇರೆ ಯಾರೂ ಇಲ್ಲ” ಎಂದರು ಗುರುಗಳು.

ಶಿಷ್ಯನ ಮುಖ ಕೆಂಪಾಯಿತು. “ಅವರು ನನ್ನ ಕಡೆ ಒಂದು ದಿನವೂ ತಿರುಗಿ ನೋಡಿದವರಲ್ಲ, ಗುರುಗಳೇ” ಎಂದ.

ಗುರುಗಳು ಎದ್ದು ಶಲ್ಯ ಹೊದ್ದುಕೊಂಡರು.

“ನಿನ್ನ ಬಗ್ಗೆ ಅವನೂ ಒಂದು ಮಾತು ನನ್ನ ಹತ್ತಿರ ಬಿಟ್ಟುಹೋಗಿದ್ದಾನೆ, ಆದರೆ ನೀನಿನ್ನೂ ಬದುಕಿದ್ದೀಯ.”



ಕತೆ ಮುಗಿಸಿದ ಅತ್ತೆ ಸೌತೆಕಾಯಿಗೆ ಉಪ್ಪು ಹಾಕದೆ ಪಕ್ಕಕ್ಕೆ ಸರಿಸಿದರು. ಉಪ್ಪು ಮೊದಲೇ ಹಾಕಿದರೆ ನೀರು ಬಿಡುತ್ತದೆ ಎಂದು ಓರಗಿತ್ತಿ ಹೇಳುತ್ತಿದ್ದಳಂತೆ. ಆಮೇಲೆ ನನಗೆ ಒಂದು ಮಾತು ಹೇಳಿದರು. ಅದನ್ನೇ ನಿಮಗೆ ಒಪ್ಪಿಸುತ್ತೇನೆ: ಕಂಡರಾಗದವರು ಒಬ್ಬರಾದರೂ ನಿನಗೂ ಇದ್ದಾರು, ಈ ಕತೆಯನ್ನು ಮೊದಲು ಅವರಿಗೆ ಹೇಳು, ಇಬ್ಬರೂ ಉಸಿರಾಡುತ್ತಿರುವಾಗಲೇ.