ಎಲುಬಿನೊಳಗಿನ ಬೇನೆ

ಪೂಜ್ಯ ಅಡವಯ್ಯಜ್ಜನವರು ನಮ್ಮ ನೇಕಾರ ಓಣಿಯ ಅಂಚಿಗೆ, ಬಣ್ಣಗಾರರು ಬಿಟ್ಟುಹೋದ ಒಂದು ತಗಡಿನ ಮನೆಯಲ್ಲಿ ಬಹುಕಾಲ ವಾಸವಾಗಿದ್ದರು. ನೆಲದಲ್ಲಿ ಹೂತಿದ್ದ ಹಳೆಯ ಬಣ್ಣದ ಹಂಡೆಗಳ ನಡುವೆ ಒಂದು ಚಾಪೆ, ಒಂದು ತಂಬಿಗೆ, ಭಸ್ಮದ ತಟ್ಟೆ; ಇಷ್ಟೇ ಅವರ ಸಂಸಾರ. ಹೆಣ್ಣುಮಕ್ಕಳು ಸಿಕ್ಕುಬಿದ್ದ ನೂಲು ತಂದಿಟ್ಟರೆ ಕುಳಿತು ಬಿಡಿಸಿಕೊಡುವರು. ಬಂದವರ ಹಣೆಗೆ ಭಸ್ಮ ಹಚ್ಚಿ, ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಡುವರು. ಮಾತು ಬಹಳ ಕಡಿಮೆ.

ಕುಣಿಮಗ್ಗದ ಬನಪ್ಪ ಅವರ ದೊಡ್ಡ ಭಕ್ತ. ಎರಡು ವರ್ಷದ ಹಿಂದೆ ಬಂಡಿಯಿಂದ ಬಿದ್ದು ಅವನ ಬಲಗಾಲಿನ ಎಲುಬು ಮುರಿದು, ಚರ್ಮ ಹರಿದು ಹೊರಗೆ ಕಂಡಿತ್ತು. ಎಲುಬು ಕಟ್ಟುವವರು ಸೊಪ್ಪು ಅರೆದು ಮೆತ್ತಿ ಬಿದಿರು ಕಟ್ಟಿದರು. ಎಲುಬೇನೋ ಕೂಡಿತು. ಆದರೆ ಮೊಳಕಾಲಿನ ಕೆಳಗೆ ಕಡಲೆಕಾಳಿನಷ್ಟು ಬಾಯಿ ಬಿಟ್ಟು ಕೀವು ಸೋರತೊಡಗಿತು. ಅರೆಬರೆ ಮುಚ್ಚುವುದು, ತಿಂಗಳು ಕಳೆದು ಮತ್ತೆ ತೆರೆಯುವುದು. ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯದೆ ಮಗ್ಗ ನಡೆಯದು. ಕಾಲು ಹೋದರೆ ಅವನ ಕಸುಬೇ ಹೋದಂತೆ. ಅಜ್ಜನವರು ಹಣೆಗೆಂದು ಕೊಟ್ಟ ಭಸ್ಮವನ್ನು ಅವನು ದಿನಾಲೂ ಆ ಹುಣ್ಣಿನ ಬಾಯೊಳಗೆ ತುಂಬತೊಡಗಿದನು.

ಒಂದು ಸೋಮವಾರ ಬಾಯಿ ಪೂರ್ತಿ ಒಣಗಿ ಮುಚ್ಚಿತು. ಓಣಿಗೆ ಓಣಿಯೇ ಪವಾಡವೆಂದಿತು. ಬನಪ್ಪ ಕಾಯಿ, ಸಕ್ಕರೆ ಹಿಡಿದು, ಹತ್ತಾರು ಜನರನ್ನು ಕಟ್ಟಿಕೊಂಡು ಬಂದು ಅಜ್ಜನವರ ಪಾದಕ್ಕೆ ಬಿದ್ದನು. ಅಜ್ಜನವರು ಕಾಯಿ ಮುಟ್ಟಲಿಲ್ಲ. ಕಾಲು ಚಾಚೆಂದು ಸನ್ನೆ ಮಾಡಿ, ಒಣಗಿದ ಜಾಗದ ಮೇಲೆ ಮುಂಗೈಯಿಟ್ಟು ನೋಡಿದರು. ಕಾಲು ಒಲೆಯ ಕಲ್ಲಿನಂತೆ ಸುಡುತ್ತಿತ್ತು. ನಿದ್ದೆ ಬರುತ್ತದೆಯೇ ಎಂದು ಕೇಳಿದರು. ಮೂರು ದಿನದಿಂದ ಚಳಿಜ್ವರ, ಕಾಲು ಎಲ್ಲಿಟ್ಟರೂ ಸಮಾಧಾನವಿಲ್ಲ ಎಂದು ಅವನ ಹೆಂಡತಿ ನಿಂಬವ್ವ ಹೇಳಿದಳು.

"ಬಾಯಿ ಮುಚ್ಚೇತಿ, ಕೀವು ಒಳಗ ಐತಿ," ಎಂದರು ಅಜ್ಜನವರು. "ನಾ ಕೊಟ್ಟ ಭಸ್ಮ ಹಣೀಗಪ್ಪ, ಎಲುಬಿಗಲ್ಲ. ಇವತ್ತ ದೊಡ್ಡ ದವಾಖಾನಿಗೆ ಹೋಗು."

ಬನಪ್ಪ ಹೋಗಲಿಲ್ಲ. ಗುರುಗಳು ತನ್ನ ಭಕ್ತಿಯನ್ನು ಪರೀಕ್ಷಿಸುತ್ತಿದ್ದಾರೆ, ದವಾಖಾನೆಯ ಕತ್ತಿಗೆ ಕಾಲು ಕೊಟ್ಟರೆ ಸೋತಂತೆ ಎಂದು ತಿಳಿದನು. ಮಗ್ಗಕ್ಕೆ ಕೂರುವನು, ಏಳುವನು, ಕುಂಟುತ್ತ ಕಟ್ಟೆಗೆ ಬರುವನು, ಮತ್ತೆ ಒಳಗೆ ಹೋಗುವನು. ದೇವರು ದಿಂಡರನ್ನು ನಂಬದ ಅವನ ಅಣ್ಣ ಸಂಕಣ್ಣ ನೋಡಿ ನೋಡಿ ಮೂದಲಿಸಿದನು: "ಅಲ್ಲೋ, ಕೊಟ್ಟ ಅಜ್ಜಗ ಆ ಭಸ್ಮದ ಮ್ಯಾಲ ಇಲ್ಲದ ನಂಬಿಗಿ ನಿನಗ ಎಲ್ಲಿಂದ ಬಂತೋ?"

ಆ ಮಾತು ಅಜ್ಜನವರ ಕಿವಿಗೂ ಬಿತ್ತು. ಮರುದಿನ ಬೆಳಿಗ್ಗೆ ಅವರು ಭಸ್ಮದ ತಟ್ಟೆಯನ್ನು ತೊಳೆದು ಕವುಚಿ ಇಟ್ಟರು. ಬನಪ್ಪ ದವಾಖಾನೆಗೆ ಹೋಗುವವರೆಗೂ ಯಾರಿಗೂ ಭಸ್ಮವಿಲ್ಲವೆಂದರು. ಬಾಣಂತಿಯರು, ಮುದುಕರು, ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿಸುವವರು, ಎಲ್ಲರೂ ಬರಿಹಣೆಯಲ್ಲಿ ತಿರುಗಿ ಬಂದರು. ಬರುವಾಗ ಬನಪ್ಪನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋದರು. ಎರಡನೆಯ ದಿನ ನಿಂಬವ್ವನೂ ಹಾಗೆಯೇ ಬರಿಹಣೆಯಲ್ಲಿ ತಿರುಗಿ ಬಂದು ಗಂಡನಿಗೆ ಅಂದಳು:

"ಓಣೀ ಮಂದೀನೆಲ್ಲ ಬರಿಹಣಿ ಮಾಡಿ ಕುಂತೀರಿ. ಇನ್ನೂ ಪರೀಕ್ಷೆ ಅಂತೀರೇನು?"

ಬನಪ್ಪ ಗೋಡೆ ಹಿಡಿದು ಎದ್ದನು. ಸಂಕಣ್ಣನೇ ಹೆಗಲು ಕೊಟ್ಟು ಬಸ್ಸು ಹತ್ತಿಸಿದನು.

ದವಾಖಾನೆಯ ಡಾಕ್ಟರಮ್ಮನವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಳೆಯ ಗಾಯದಿಂದ ರೋಗಾಣು ಒಳಹೊಕ್ಕು, ಎಲುಬಿನ ಒಂದು ಚೂರು ಸತ್ತು ಒಳಗೇ ಉಳಿದಿತ್ತು. ಸತ್ತ ಎಲುಬಿಗೆ ರಕ್ತ ಹೋಗದು. ರಕ್ತ ಹೋಗದಲ್ಲಿಗೆ ಔಷಧಿಯೂ ಹೋಗದು. ಆದ್ದರಿಂದ ಅದನ್ನು ತೆಗೆದು, ಸುತ್ತಲ ಕೊಳೆತದ್ದನ್ನು ಕೆರೆದು, ಯಾವ ರೋಗಾಣು ಎಂದು ಪರೀಕ್ಷಿಸಿ ಅದಕ್ಕೆ ತಕ್ಕ ಮದ್ದು ಕೊಡಬೇಕು. ಮೊದಲು ಸೂಜಿ, ಆಮೇಲೆ ಗುಳಿಗೆ, ಎಲ್ಲ ಸೇರಿ ಆರು ವಾರ. ನೋವು ಹೋಯಿತೆಂದು ನಡುವೆ ಬಿಡಕೂಡದು. ಬಾಯಿ ಮುಚ್ಚಿದ್ದರಿಂದ ಕೀವು ಹೊರದಾರಿ ಕಾಣದೆ ಒಳಗೇ ಹಬ್ಬುತ್ತಿದೆ, ಇನ್ನೂ ತಡಮಾಡಿದ್ದರೆ ವಿಷ ರಕ್ತಕ್ಕೇರಿ ಜೀವಕ್ಕೇ ಬರುತ್ತಿತ್ತು ಎಂದರು. ಬನಪ್ಪ ತಲೆಯಾಡಿಸಿ ಒಪ್ಪಿದನು. ಅವನು ದವಾಖಾನೆ ಸೇರಿದ ಸುದ್ದಿ ಮುಟ್ಟಿದ ದಿನವೇ ಅಜ್ಜನವರ ತಟ್ಟೆ ಮೇಲ್ಮೊಗವಾಯಿತು.

ಸತ್ತ ಚೂರು ತೆಗೆದರು. ಸೂಜಿಗಳು ಮುಗಿದು, ಗುಳಿಗೆ ಬರೆಸಿಕೊಂಡು ಊರಿಗೆ ಬಂದಾಗ ಕಾಲು ತಣ್ಣಗಿತ್ತು, ಜ್ವರವಿರಲಿಲ್ಲ. ಜನ ಮತ್ತೆ ಪವಾಡವೆಂದರು. ಕಾಯಿ ಹಿಡಿದು ಬಂದ ಬನಪ್ಪನನ್ನು ಅಜ್ಜನವರು ಒಂದೇ ಪ್ರಶ್ನೆ ಕೇಳಿದರು.

"ಗುಳಿಗಿ ಇನ್ನ ಎಷ್ಟ ದಿನದ್ದ ಉಳದಾವು?"

"ಹನ್ನೊಂದ ದಿನದ್ದರೀ, ಅಜ್ಜಾರ. ನೋವಂತೂ ಏನೂ ಇಲ್ಲರೀ."

"ಮುಗಿಸಿ ಬಾ. ಕಾಯಿ ಆವಾಗ ಒಡಿಯೋಣು."

ಬನಪ್ಪ ಕಾಯಿಯನ್ನು ಹಾಗೆಯೇ ಮನೆಗೆ ತಂದು ದೇವರ ಜಗಲಿಯ ಮೇಲಿಟ್ಟನು. ಹನ್ನೊಂದು ದಿನ ಒಂದು ಹೊತ್ತೂ ತಪ್ಪಿಸಲಿಲ್ಲ. ಹನ್ನೆರಡನೆಯ ದಿನ ಅಜ್ಜನವರು ತಾವೇ ಆ ಕಾಯಿ ಒಡೆದು, ಮೊದಲ ಹೋಳನ್ನು ಡಾಕ್ಟರಮ್ಮನವರಿಗೆಂದು ಎತ್ತಿಟ್ಟರು.

ಮುಂದಿನ ವರ್ಷ ಓಣಿಯ ಒಬ್ಬ ಗೃಹಸ್ಥನು ಜಾರಿ ಬಿದ್ದು, ಅವನ ತೋಳಿನ ಎಲುಬು ಚರ್ಮ ಹರಿದು ಹೊರಬಂದಿತು. ಮನೆಯವರು ಅವನನ್ನು ಭಸ್ಮ ಹಚ್ಚಿಸಲೆಂದು ಅಜ್ಜನವರ ಕಡೆಗೆ ಎತ್ತಿಕೊಂಡು ಹೊರಟಿದ್ದರು. ಬನಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ದಾರಿಗೆ ಅಡ್ಡ ನಿಂತನು.

"ಮೊದಲ ದವಾಖಾನಿಗೆ ನಡೀರಿ. ಅಜ್ಜಾರ ಕಡೆ ನಾ ಹೋಗಿ, ನಿಮ್ಮ ಹೆಸರ್ಲೆ ಭಸ್ಮ ಹಚಗೊಂಡ ಬರತೀನಿ."